ಮಧ್ಯೆ ಟವರ್ ಇಲ್ಲದ ಮಾತು

2008ರ ಜುಲೈ 25, ಶುಕ್ರವಾರ. ಮಧ್ಯಾಹ್ನದ ಊಟದ ಹೊತ್ತಿಗೆ ಬೆಂಗಳೂರಿನ ಹಲವು ಕಡೆ ಒಂದರ ಹಿಂದೊಂದು ಬಾಂಬ್ ಸಿಡಿದವು. ಮಡಿವಾಳ, ಆಡುಗೋಡಿ, ಲ್ಯಾಂಗ್‌ಫೋರ್ಡ್ ಟೌನ್ ಎಂದು ಹೆಸರುಗಳು ಟಿವಿ ಪರದೆಯ ಮೇಲೆ ಬರುತ್ತಿದ್ದಂತೆ ಅವುಗಳ ಜೊತೆ ಮೈಸೂರು ರಸ್ತೆಯ ನಾಯಂಡಹಳ್ಳಿಯ ಹೆಸರೂ ಬಂತು. ಊರಿಗೆ ಊರೇ ಫೋನ್ ಕೈಗೆತ್ತಿಕೊಂಡಿತು. ಮಗಳು ಕಾಲೇಜಿನಿಂದ ಹೊರಟಳೋ ಇಲ್ಲವೋ, ಗಂಡ ಯಾವ ಬಸ್ಸು ಹತ್ತಿದ್ದಾನೋ ಎಂದು ಎಲ್ಲರೂ ಒಟ್ಟಿಗೆ ನಂಬರು ಒತ್ತಿದರು. ಕರೆಗಳು ಸೇರಲಿಲ್ಲ. ಸಿಡಿದವು ಕಡಿಮೆ ಶಕ್ತಿಯ ಬಾಂಬುಗಳು. ಮೊಬೈಲ್ ಜಾಲವನ್ನು ಮುರಿಯುವ ತಾಕತ್ತು ಅವಕ್ಕೆ ಇರಲಿಲ್ಲ. ಜಾಲವನ್ನು ಕಟ್ಟಿಹಾಕಿದ್ದು ಲಕ್ಷಾಂತರ ಜನ ಒಂದೇ ಗಳಿಗೆಯಲ್ಲಿ ಪಟ್ಟ ಆತಂಕ.

ಹೀಗಾಗುವುದು ಆಕಸ್ಮಿಕವಲ್ಲ. ಅದರ ಹಿಂದೆ ಗಣಿತವಿದೆ, ಅದಕ್ಕೆ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಅಗ್ನರ್ ಕ್ರಾರುಪ್ ಎರ್ಲಾಂಗ್ ಎಂಬ ಗಣಿತಜ್ಞ 1909ರಿಂದ 1917ರ ನಡುವೆ ಅದನ್ನು ಬಿಡಿಸಿಟ್ಟ. ಇಂತಿಷ್ಟು ಲೈನುಗಳಿದ್ದು, ಇಂತಿಷ್ಟು ಕರೆಗಳು ಬಂದರೆ, ಎಷ್ಟು ಕರೆಗಳಿಗೆ ಜಾಗ ಸಿಗದೆ ಹೋಗುತ್ತದೆ ಎಂಬುದು ಅವನ ಪ್ರಶ್ನೆ. 2008ರ ಕಾಲದ ಒಂದು ಮೊಬೈಲ್ ಟವರನ್ನು ತೆಗೆದುಕೊಳ್ಳಿ. ಅದರ ಒಂದು ದಿಕ್ಕಿನಲ್ಲಿ ಏಕಕಾಲಕ್ಕೆ ಸುಮಾರು 30 ಜನ ಮಾತಾಡಬಹುದು ಎಂದಿಟ್ಟುಕೊಳ್ಳೋಣ. ಒಂದು ಕರೆ ಸರಾಸರಿ ಎರಡು ನಿಮಿಷದ್ದಾದರೆ, ಗಂಟೆಗೆ 650ರಷ್ಟು ಕರೆಗಳನ್ನು ಅದು ಸಲೀಸಾಗಿ ನಿಭಾಯಿಸುತ್ತದೆ; ನೂರರಲ್ಲಿ ಎರಡು ಮಾತ್ರ ವಿಫಲವಾಗುತ್ತವೆ. ಈಗ ಕರೆಗಳು ನಾಲ್ಕು ಪಟ್ಟಾಗಲಿ. ಎರ್ಲಾಂಗನ ಸೂತ್ರಕ್ಕೆ ಹಾಕಿದರೆ ಮೂರರಲ್ಲಿ ಎರಡು ಕರೆ ಬಿದ್ದುಹೋಗುತ್ತವೆ. ಬಿದ್ದುಹೋದವರು ಸುಮ್ಮನಿರುವುದಿಲ್ಲ, ಮತ್ತೆ ಮತ್ತೆ ಒತ್ತುತ್ತಾರೆ, ಭಾರ ಇನ್ನೂ ಏರುತ್ತದೆ. ಇಂದಿನ 4ಜಿ, 5ಜಿ ಜಾಲಗಳ ಸಾಮರ್ಥ್ಯ ಅಂದಿಗಿಂತ ಬಹಳ ದೊಡ್ಡದು. ಆದರೆ ಅವುಗಳ ಮೇಲೆ ನಾವು ಹೊರಿಸಿರುವ ಭಾರವೂ ಹಾಗೆಯೇ ಬೆಳೆದಿದೆ: ಹಣ, ನಕ್ಷೆ, ಆಟೊ, ಆಂಬ್ಯುಲೆನ್ಸ್, ಬಾಗಿಲ ಗಂಟೆಯ ಕ್ಯಾಮರಾ ಕೂಡ. ಯಾವ ಕಂಪನಿಯೂ ವರ್ಷಕ್ಕೊಂದು ಕೆಟ್ಟ ದಿನಕ್ಕಾಗಿ ಜಾಲವನ್ನು ಕಟ್ಟುವುದಿಲ್ಲ. ಕಟ್ಟಿದರೆ ಅದು ಉಳಿಯುವುದಿಲ್ಲ.

ಈ ಅಧ್ಯಾಯ ಟವರನ್ನೇ ಕೇಳದ ಒಂದು ಸಂಪರ್ಕದ ಬಗ್ಗೆ. ಹ್ಯಾಮ್‌ಗಳು ಎಂದು ಕರೆಸಿಕೊಳ್ಳುವ ಹವ್ಯಾಸಿ ರೇಡಿಯೊ ಆಪರೇಟರ್‌ಗಳು ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ಪಡೆದು, ಪ್ರಪಂಚದಲ್ಲಿ ಬೇರಾರಿಗೂ ಇಲ್ಲದ ಒಂದು ಕರೆ ಸಂಕೇತ ಹೊತ್ತು ಗಾಳಿಗೆ ಬರುತ್ತಾರೆ. ಭಾರತದ್ದಾದರೆ ಅದು ಹೆಚ್ಚಾಗಿ ವಿಯು2 ಅಥವಾ ವಿಯು3 ಎಂದು ಶುರುವಾಗುತ್ತದೆ. ಒಬ್ಬರ ಸೆಟ್ಟಿನಿಂದ ಹೊರಟ ಅಲೆ ಇನ್ನೊಬ್ಬರ ಆಂಟೆನಾಕ್ಕೆ ನೇರ ತಲುಪುತ್ತದೆ. ನಡುವೆ ಸರ್ವರ್ ಇಲ್ಲ, ಕೇಬಲ್ ಇಲ್ಲ, ಬಿಲ್ಲಿಲ್ಲ. ಈ ಕೆಲಸಕ್ಕೆ ಯಾರೂ ದುಡ್ಡು ಪಡೆಯುವಂತಿಲ್ಲ ಎಂಬುದು ನಿಯಮದಲ್ಲೇ ಇದೆ.

ಕನ್ನಡನಾಡಿಗೆ ಇದು ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವ್ಯಾಟಿನ ಒಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಪ್ರಸಾರ ಆರಂಭಿಸಿದರು. ಮೈಸೂರು ಆಕಾಶವಾಣಿಯ ಹುಟ್ಟು ಅಲ್ಲಿ. ಆ ಕೇಂದ್ರದ ಕರೆ ಸಂಕೇತ ವಿಯು6ಎಎಚ್. ಒಬ್ಬ ಮೇಷ್ಟ್ರು ಸ್ವಂತ ಮನೆಯಿಂದ ಊರಿಗೆ ಮಾತು ತಲುಪಿಸಿದ ಆ ಹುಮ್ಮಸ್ಸು ಬೆಂಗಳೂರಿನ ಹ್ಯಾಮ್‌ಗಳಲ್ಲಿ ಮುಂದುವರಿಯಿತು. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ದೇಶದ ಹಳೆಯ ಕ್ಲಬ್‌ಗಳಲ್ಲಿ ಒಂದು. ಎಸ್. ಸೂರಿ ಕಟ್ಟಿ ಬೆಳೆಸಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಶಾಲಾ ಮಕ್ಕಳಿಂದ ಹಿಡಿದು ನಿವೃತ್ತರ ತನಕ ಬಹಳ ಮಂದಿಯನ್ನು ಪರೀಕ್ಷೆಗೆ ತಯಾರು ಮಾಡಿತು. ಇಸ್ರೊ ಉದ್ಯೋಗಿಗಳ ಉಪಗ್ರಹ್ ಅಮೆಚೂರ್ ರೇಡಿಯೊ ಕ್ಲಬ್ ಕೂಡ ಇದೇ ಊರಿನದು. ಹವ್ಯಾಸಿಗಳಿಗೆಂದೇ ಮಾಡಿದ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಮೇಲೇರಿ 2014ರವರೆಗೆ ಕೆಲಸ ಮಾಡಿತು. ಅದರೊಳಗಿದ್ದ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದು ಭಾರತೀಯ ಹ್ಯಾಮ್‌ಗಳದು, ಇನ್ನೊಂದು ನೆದರ್‌ಲ್ಯಾಂಡ್ಸಿನ ಒಬ್ಬ ವಿದ್ಯಾರ್ಥಿಯದು.

ಉಪಗ್ರಹ ಹೆಮ್ಮೆಯ ವಿಷಯ. ಆದರೆ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಒಂದು ರಾತ್ರಿ ನೀರು ನುಗ್ಗಿದರೆ ಕೆಲಸಕ್ಕೆ ಬರುವುದು ಮಹಡಿಯ ಮೇಲಿನ ತಂತಿ ಮತ್ತು ಜೇಬಿನಲ್ಲಿರುವ ಹ್ಯಾಂಡಿ ಎಂಬ ಕೈಸೆಟ್ಟು.

ಪಶ್ಚಿಮ ಭಾಗ ಎಂದಾಗ ನೆಲದ ಇಳಿಜಾರನ್ನು ನೆನೆಯಬೇಕು. ಬೆಂಗಳೂರು ಒಂದು ದಿಬ್ಬದ ಬೆನ್ನಿನ ಮೇಲೆ ಕೂತ ಊರು. ಆ ಬೆನ್ನಿನ ಪಶ್ಚಿಮಕ್ಕೆ ಬಿದ್ದ ಮಳೆಯೆಲ್ಲ ವೃಷಭಾವತಿಯ ಪಾಲು. ಮಲ್ಲೇಶ್ವರ, ರಾಜಾಜಿನಗರದ ಕಡೆಯಿಂದ ಇಳಿದು, ಮಾಗಡಿ ರಸ್ತೆ ದಾಟಿ, ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆಯ ಪಕ್ಕ ಸೇರಿ, ಕೆಂಗೇರಿ ಹಾದು ಬೈರಮಂಗಲದತ್ತ ಹೋಗುತ್ತದೆ; ಮುಂದೆ ಅರ್ಕಾವತಿ, ಆಮೇಲೆ ಕಾವೇರಿ. ಈಗ ಅದನ್ನು ನದಿ ಎನ್ನಲು ಮನಸ್ಸು ಬಾರದಷ್ಟು ಕೆಡಿಸಿದ್ದೇವೆ, ಆದರೂ ಮಳೆ ಬಂದ ದಿನ ಅದು ನದಿಯಾಗಿಯೇ ನಡೆಯುತ್ತದೆ. 2017ರ ಅಕ್ಟೋಬರ್ 13ರ ರಾತ್ರಿಯ ಮಳೆಗೆ ನಗರದಲ್ಲಿ ಐವರು ಬಲಿಯಾದರು; ಬಸವೇಶ್ವರನಗರಕ್ಕೆ ಹತ್ತಿರದ ಕುರುಬರಹಳ್ಳಿಯಲ್ಲಿ ರಾಜಕಾಲುವೆಯ ನೀರು ಜನರನ್ನೇ ಕೊಚ್ಚಿಕೊಂಡು ಹೋಯಿತು. 2020ರ ಜೂನ್‌ನಲ್ಲಿ ಮೈಸೂರು ರಸ್ತೆ ಬದಿಯ ವೃಷಭಾವತಿ ತಡೆಗೋಡೆ ಕುಸಿಯಿತು.

ನೀರು ಹರಿಯುವ ಈ ಕಣಿವೆಯೇ ರೇಡಿಯೊ ಅಲೆಗೂ ತೊಡಕು. ಕೈಯಲ್ಲಿ ಹಿಡಿಯುವ ಸೆಟ್ಟುಗಳು ಹೆಚ್ಚಾಗಿ ಬಳಸುವುದು 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯನ್ನು. ಹ್ಯಾಮ್‌ಗಳ ಬಾಯಲ್ಲಿ ಅದು ಟೂ ಮೀಟರ್ ಬ್ಯಾಂಡ್, ಅಲೆಯುದ್ದ ಸುಮಾರು ಎರಡು ಮೀಟರ್ ಆದ್ದರಿಂದ. ಈ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಸಾಗುತ್ತವೆ. ವಾತಾವರಣ ಅವನ್ನು ತುಸು ಬಾಗಿಸುವುದರಿಂದ ಕಣ್ಣಿಗಿಂತ ಸ್ವಲ್ಪ ಮುಂದೆ ಹೋಗುತ್ತವೆ. ಎಷ್ಟು ದೂರ ಎನ್ನಲು ಸರಳ ಲೆಕ್ಕವಿದೆ: ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರ ಎಂಬುದು ಸಿಗುತ್ತದೆ. ನಿಂತ ಮನುಷ್ಯನ ಬಾಯಿಯ ಮಟ್ಟದಲ್ಲಿರುವ ಹ್ಯಾಂಡಿಗೆ 5 ಕಿಲೋಮೀಟರ್. ಹಾಗೆ ನಿಂತ ಇಬ್ಬರ ನಡುವೆ 10. ಬಸವೇಶ್ವರನಗರದಿಂದ ಕೆಂಗೇರಿಗೆ ಕಾಗೆ ಹಾರುವ ದೂರ ಸುಮಾರು ಹತ್ತೂವರೆ ಕಿಲೋಮೀಟರ್. ಕಾಗದದ ಮೇಲೆ ಇನ್ನೇನು ಮುಟ್ಟಿತು ಎನಿಸುತ್ತದೆ.

ಆದರೆ ಆ ಲೆಕ್ಕ ಬಟ್ಟಬಯಲಿನದು. ನಾಲ್ಕು ಮಹಡಿಯ ಮನೆಗಳ ಸಾಲು, ಸಿಮೆಂಟಿನೊಳಗಿನ ಕಬ್ಬಿಣದ ಸರಳು, ಮೆಟ್ರೊ ಮೇಲ್ಸೇತುವೆ ಎಲ್ಲ ಸೇರಿ ಅಡ್ಡರಸ್ತೆಯಲ್ಲಿ ನಿಂತವನ ಹ್ಯಾಂಡಿಯನ್ನು ಒಂದೆರಡು ಕಿಲೋಮೀಟರಿಗೆ ಕುಗ್ಗಿಸಿಬಿಡುತ್ತವೆ. ಬೇಸ್‌ಮೆಂಟಿಗೆ ಇಳಿದರೆ ಅದೂ ಇಲ್ಲ. ಹಾಗಾಗಿ ಈ ಕೆಲಸದಲ್ಲಿ ಪಳಗಿದವರು ಮೊದಲು ಓದುವುದು ಊರಿನ ಏರಿಳಿತವನ್ನು. ಯಾವ ಮನೆಯ ಮಹಡಿಯಿಂದ ಕೆಂಗೇರಿ ಉಪನಗರ ಸಿಗುತ್ತದೆ, ಯಾವ ನೀರಿನ ಟ್ಯಾಂಕಿನ ಪಕ್ಕದಿಂದ ಮಾಗಡಿ ರಸ್ತೆಯ ತಗ್ಗು ಕೇಳುತ್ತದೆ ಎಂಬುದು ಅವರಿಗೆ ಬಾಯಿಪಾಠವಾಗಿರಬೇಕು. ಅದೇ ಹ್ಯಾಂಡಿಯೊಂದಿಗೆ ಮೂರು ಮಹಡಿ ಹತ್ತಿ 12 ಮೀಟರ್ ಎತ್ತರಕ್ಕೆ ಹೋದರೆ ದಿಗಂತ 14 ಕಿಲೋಮೀಟರ್ ದಾಟುತ್ತದೆ, ತಲೆಯ ಮೇಲಿನ ಕಟ್ಟಡಗಳ ಕಾಟವೂ ಕಳೆಯುತ್ತದೆ. ವಿಜಯನಗರದ ಎತ್ತರದ ಮಹಡಿಯೊಂದರಲ್ಲಿ ಕೂತವರು ಎರಡೂ ಕಡೆಯವರನ್ನು ಕೇಳಿಸಿಕೊಂಡು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಬಹುದು. ರಿಲೇ ಎಂಬ ಈ ಕೆಲಸಕ್ಕೆ ದುಬಾರಿ ಉಪಕರಣ ಬೇಡ, ತಾಳ್ಮೆ ಬೇಕು. ಇದನ್ನೇ ಯಂತ್ರ ಮಾಡಿದರೆ ಅದು ರಿಪೀಟರ್. ಎತ್ತರದ ಜಾಗದಲ್ಲಿ ಕೂತು ಒಂದು ಕಂಪನಾಂಕದಲ್ಲಿ ಕೇಳಿ, ಅದೇ ಕ್ಷಣ ಇನ್ನೊಂದರಲ್ಲಿ ಮರುಪ್ರಸಾರ ಮಾಡುತ್ತದೆ. ರಿಪೀಟರ್ ಇರುವ ದಿನಗಳಲ್ಲಿ ಹ್ಯಾಮ್ ಜೀವನ ಸುಖ. ಆದರೆ ಅದಕ್ಕೂ ಕರೆಂಟ್ ಬೇಕು, ಕಟ್ಟಡ ಬೇಕು. ಟವರಿಗೆ ಬರುವ ಕಷ್ಟ ಅದಕ್ಕೂ ಬರಬಹುದು. ರಿಪೀಟರ್ ಇಲ್ಲದೆ ಯಾರು ಯಾರನ್ನು ಮುಟ್ಟಬಲ್ಲರು ಎಂದು ಆಗಾಗ ಪರೀಕ್ಷಿಸಿಕೊಳ್ಳದ ತಂಡವನ್ನು ನಾನು ತುರ್ತು ತಂಡ ಎಂದು ಒಪ್ಪುವುದಿಲ್ಲ.

ಊರಿನಾಚೆಗೆ ಮಾತು ಹೋಗಬೇಕಾದರೆ ಬೇರೆ ದಾರಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿ, ಮಕ್ಕಂದೂರು, ಜೋಡುಪಾಲದ ಕಡೆ ರಸ್ತೆಗಳು ಮುಚ್ಚಿ, ಹಲವು ಹಳ್ಳಿಗಳಲ್ಲಿ ಕರೆಂಟೂ ಫೋನೂ ಹೋದ ದಿನಗಳನ್ನು ನೆನೆಯಿರಿ. ಮಡಿಕೇರಿ ಬೆಂಗಳೂರಿಗೆ ನೇರ ಅಳತೆಯಲ್ಲಿ 200 ಕಿಲೋಮೀಟರ್‌ಗೂ ಸ್ವಲ್ಪ ಹೆಚ್ಚು. ಟೂ ಮೀಟರ್ ಬ್ಯಾಂಡಿನ ಸೆಟ್ಟಿಗೆ ಇದು ಸಾಧ್ಯವಿಲ್ಲದ ದೂರ, ನಡುವೆ ಬೆಟ್ಟಗಳೂ ಇವೆ. ಆಗ ಹ್ಯಾಮ್‌ಗಳು 7 ಮೆಗಾಹರ್ಟ್ಸ್‌ಗೆ ಇಳಿಯುತ್ತಾರೆ. ನೆಲದಿಂದ ಸುಮಾರು 300 ಕಿಲೋಮೀಟರ್ ಮೇಲೆ, ಸೂರ್ಯನ ಅತಿನೇರಳೆ ಕಿರಣಗಳು ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಹರಡಿರುವ ಅಯಾನುಗೋಳವಿದೆ. 7 ಮೆಗಾಹರ್ಟ್ಸ್ ಅಲೆಯನ್ನು ಅದರತ್ತ ಹೆಚ್ಚುಕಡಿಮೆ ನೆಟ್ಟಗೆ ಕಳಿಸಿದರೆ, ಅಲೆ ಬಾಗಿ ಕೆಳಗೆ ಮರಳುತ್ತದೆ. ತೋಟದ ಪೈಪನ್ನು ನೇರ ಮೇಲಕ್ಕೆ ಹಿಡಿದಾಗ ನೀರು ಸುತ್ತಲೂ ಬೀಳುವ ಹಾಗೆ ಈ ಅಲೆ ನಾಲ್ಕೂ ದಿಕ್ಕಿಗೆ ಮುನ್ನೂರು, ನಾನೂರು ಕಿಲೋಮೀಟರ್‌ವರೆಗೆ ಬೀಳುತ್ತದೆ. ಬೆಟ್ಟ ಅಡ್ಡ ಬರುವುದಿಲ್ಲ, ಏಕೆಂದರೆ ಮಾತು ಬರುವುದು ಮೇಲಿನಿಂದ. ಮಡಿಕೇರಿಯಾಗಲಿ ರಾಯಚೂರಾಗಲಿ, ಹಗಲಿನಲ್ಲಿ ಈ ದಾರಿ ಚೆನ್ನಾಗಿ ತೆರೆದಿರುತ್ತದೆ. ನಮ್ಮದು ಭೂಕಾಂತೀಯ ಸಮಭಾಜಕಕ್ಕೆ ಹತ್ತಿರದ ನಾಡಾದ್ದರಿಂದ ತಲೆಯ ಮೇಲಿನ ಅಯಾನುಗೋಳ ಹಗಲು ಗಟ್ಟಿಯಾಗಿರುತ್ತದೆ. ರಾತ್ರಿ ಅದು ತೆಳುವಾದಾಗ ಇನ್ನೂ ಕೆಳಗಿನ ಕಂಪನಾಂಕ ಹಿಡಿಯಬೇಕು.

ಇದಕ್ಕೆ ಬೇಕಾದ ಆಂಟೆನಾ ಒಂದು ತಂತಿ, ಅಷ್ಟೆ. ಅರ್ಧ ಅಲೆಯುದ್ದದ ಡೈಪೋಲ್. 7.1 ಮೆಗಾಹರ್ಟ್ಸ್‌ಗೆ ಅದರ ಉದ್ದ ಸುಮಾರು 66 ಅಡಿ. ಇಲ್ಲಿ ಬೆಂಗಳೂರಿನ ತರ್ಟಿ ಫಾರ್ಟಿ ಸೈಟಿನ ಪ್ರಶ್ನೆ ಬರುತ್ತದೆ. 30-40 ಅಡಿಯ ನಿವೇಶನದ ಕರ್ಣ 50 ಅಡಿ. 66 ಅಡಿಯ ತಂತಿ ಮೂಲೆಯಿಂದ ಮೂಲೆಗೆ ಎಳೆದರೂ ಹಿಡಿಸುವುದಿಲ್ಲ. ಪಕ್ಕದ ಮನೆಯವರ ಪ್ಯಾರಪೆಟ್ ಕೇಳುವುದಕ್ಕೆ ಮೊದಲು ರೇಖಾಗಣಿತವನ್ನು ಕೇಳಬಹುದು. ಮಹಡಿಯ ನಡುವೆ 22 ಅಡಿಯ ಗಳ ನೆಟ್ಟು, ತಂತಿಯ ಮಧ್ಯವನ್ನು ಅದರ ತುದಿಗೆ ಕಟ್ಟಿ, ಎರಡು ಕೈಗಳನ್ನು ಎದುರುಬದುರು ಮೂಲೆಗಳಿಗೆ ಇಳಿಬಿಡಿ. ಪ್ರತಿ ಕೈ 33 ಅಡಿ. ಪೈಥಾಗೊರಸ್ ಪ್ರಮೇಯ ಹಾಕಿದರೆ ಪ್ರತಿ ಕೈ ನೆಲದಳತೆಯಲ್ಲಿ ಚಾಚುವುದು 24.6 ಅಡಿ, ಎರಡೂ ಸೇರಿ 49.2. ಕರ್ಣದೊಳಗೆ ಕೂತಿತು! ತಲೆಕೆಳಗಾದ ‘ವಿ’ ಆಕಾರದ ಈ ಆಂಟೆನಾ ಎತ್ತರ ಸಾಲದೆ ದೂರದ ದೇಶಗಳಿಗೆ ಅಷ್ಟಾಗಿ ಹೊಂದುವುದಿಲ್ಲ. ಆದರೆ ಅಲೆಯನ್ನು ಮೇಲಕ್ಕೆ ಕಳಿಸುವುದರಲ್ಲಿ ಅದು ನಿಪುಣ, ರಾಜ್ಯದೊಳಗಿನ ತುರ್ತಿಗೆ ಬೇಕಾದದ್ದೂ ಅದೇ. ರಾಜಾಜಿನಗರದ ಹಳೆಯ ಮನೆಗಳ ಮಹಡಿಗಳು ಈ ಕೆಲಸಕ್ಕೆಂದೇ ಅಳೆದು ಕಟ್ಟಿದಂತಿವೆ ಎಂದು ನನಗೆ ಯಾವಾಗಲೂ ಅನಿಸುತ್ತದೆ.

ವಿದ್ಯುತ್ತಿನ ಮಾತು. ಹ್ಯಾಮ್ ಸೆಟ್ಟುಗಳು ಬಹುಪಾಲು ನಡೆಯುವುದು 12 ವೋಲ್ಟಿನ ಆಸುಪಾಸಿನಲ್ಲಿ. ಈ ಭಾಗದ ಮನೆಮನೆಯ ಮೆಟ್ಟಿಲ ಕೆಳಗೆ ಯುಪಿಎಸ್‌ಗೆ ಜೋಡಿಸಿದ 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿ ಕೂತಿರುತ್ತದೆ. ಸೆಟ್ಟು ಬರಿದೇ ಕೇಳುತ್ತಿರುವಾಗ ಅರ್ಧ ಆಂಪಿಯರ್, ಮಾತಾಡುವಾಗ 10 ಆಂಪಿಯರ್ ಎಳೆಯುತ್ತದೆ, ಹತ್ತು ನಿಮಿಷಕ್ಕೊಂದು ನಿಮಿಷ ಮಾತಾಡುತ್ತೇವೆ ಎಂದುಕೊಂಡರೆ ಸರಾಸರಿ ಬಳಕೆ ಒಂದೂವರೆ ಆಂಪಿಯರ್. ಬ್ಯಾಟರಿಯ ಅರ್ಧವನ್ನಷ್ಟೇ ಬಳಸಿದರೂ ಎರಡು ದಿನ ದಾಟುತ್ತದೆ. ಮೊಬೈಲ್ ಟವರಿನ ಬ್ಯಾಟರಿಯ ಲೆಕ್ಕ ಗಂಟೆಗಳಲ್ಲಿ. ಆಮೇಲೆ ಡೀಸೆಲ್ ಬರಬೇಕು, ಡೀಸೆಲ್ ತರುವ ರಸ್ತೆ ತೆರೆದಿರಬೇಕು.

ಕರೆಂಟ್ ಹೋಗುವುದರಿಂದ ಇನ್ನೊಂದು ಲಾಭವೂ ಉಂಟು. ನಗರದ ಹ್ಯಾಮ್‌ಗೆ 7 ಮೆಗಾಹರ್ಟ್ಸ್‌ನಲ್ಲಿ ದೊಡ್ಡ ಶತ್ರು ದೂರವಲ್ಲ, ಗದ್ದಲ. ಎಲ್‌ಇಡಿ ಬಲ್ಬು, ಚಾರ್ಜರ್, ಸೋಲಾರ್ ಇನ್ವರ್ಟರ್, ಲಿಫ್ಟಿನ ಮೋಟಾರು ಎಲ್ಲವೂ ಒಳಗೊಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತ ರೇಡಿಯೊ ಗದ್ದಲ ಉಗುಳುತ್ತವೆ. ಸಂಜೆಯ ಹೊತ್ತು ಮಂದ ದನಿಯ ನಿಲಯಗಳು ಅದರಡಿ ಮುಳುಗಿಹೋಗುತ್ತವೆ. ಬಡಾವಣೆಗೆ ಬಡಾವಣೆಯೇ ಕತ್ತಲಾದಾಗ ಈ ಗದ್ದಲ ಬಹಳ ತಗ್ಗುತ್ತದೆ. ಅಕ್ಕಪಕ್ಕದ ಯುಪಿಎಸ್‌ಗಳದಷ್ಟೇ ಗುರುಗುಟ್ಟುವಿಕೆ ಉಳಿಯುತ್ತದೆ. ನೆರವಿನ ಅಗತ್ಯ ಹೆಚ್ಚಾದ ಗಳಿಗೆಯಲ್ಲಿ ಕಿವಿ ಚುರುಕಾಗುವುದು ದೊಡ್ಡ ಅನುಕೂಲ.

ಇದರ ಎದುರಿಗೆ ಒಂದು ಕಠಿಣ ಸಂಗತಿಯನ್ನೂ ಇಡಬೇಕು. ಬೆಂಗಳೂರಿನಲ್ಲಿ ಏಪ್ರಿಲ್, ಮೇ ಸಂಜೆಗಳ ಮಳೆ ಗುಡುಗು ಸಿಡಿಲಿನ ಜೊತೆಗೇ ಬರುತ್ತದೆ. ಮಹಡಿಯ ಮೇಲೆ ತಂತಿ ಕಟ್ಟಿದವರು ಆಗ ಆಂಟೆನಾವನ್ನು ಸೆಟ್ಟಿನಿಂದ ಬಿಡಿಸಿ ಅರ್ಥಿಂಗ್‌ಗೆ ಸೇರಿಸಲೇಬೇಕು. ಅಂದರೆ ಮಳೆ ಜೋರಾಗಿರುವ ಮೊದಲ ಗಂಟೆಯಲ್ಲಿ ದೊಡ್ಡ ಆಂಟೆನಾಗಳು ಮೂಕವಾಗಿರುತ್ತವೆ. ಮನೆಯೊಳಗಿನ ಹ್ಯಾಂಡಿಗಳೇ ಗತಿ. ಸಿಡಿಲು ದೂರ ಸರಿಯುವ ತನಕ ಕಾಯುವುದನ್ನು ಹೇಡಿತನ ಎಂದು ತಿಳಿಯುವ ಹುಡುಗರಿಗೆ ಹಿರಿಯರು ಮೊದಲು ಕಲಿಸಬೇಕಾದ ಪಾಠ ಇದು.

ಉಪಕರಣದ ಕತೆ ಇಷ್ಟು. ಹ್ಯಾಮ್ ರೇಡಿಯೊ ಎಂದರೆ ಉಪಕರಣ ಎಂದುಕೊಂಡವರೇ ಹೆಚ್ಚು, ನನಗೆ ಹೇಳಬೇಕೆನಿಸುವುದು ಅದಕ್ಕಿಂತ ಮುಖ್ಯವಾದದ್ದು. ಒಂದು ಕಂಪನಾಂಕದಲ್ಲಿ ಒಂದು ಸಲಕ್ಕೆ ಒಬ್ಬರು ಮಾತ್ರ ಮಾತಾಡಬಹುದು. ಮೂವತ್ತು ಸೆಕೆಂಡಿನ ಸಂದೇಶಗಳನ್ನು ಎಡೆಬಿಡದೆ ಕಳಿಸಿದರೂ ಗಂಟೆಗೆ 120 ದಾಟುವುದಿಲ್ಲ. ಮೊಬೈಲ್ ಟವರಿನ ಸಾಮರ್ಥ್ಯದೆದುರು ಇದು ಏನೇನೂ ಅಲ್ಲ. ಇದರ ಬಲ ಬೇರೆ: ಒಬ್ಬರು ಹೇಳಿದ್ದನ್ನು ಎಲ್ಲರೂ ಒಟ್ಟಿಗೆ ಕೇಳುತ್ತಾರೆ. ಫೋನಿನಲ್ಲಿ ನಲವತ್ತು ಜನರಿಗೆ ನಲವತ್ತು ಸಲ ಹೇಳಬೇಕಾದದ್ದು ಇಲ್ಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಆದರೆ ಇಬ್ಬರು ಒಟ್ಟಿಗೆ ಪಿಟಿಟಿ, ಅಂದರೆ ಮಾತಾಡುವ ಗುಂಡಿ, ಒತ್ತಿದರೆ ಯಾರದೂ ಕೇಳುವುದಿಲ್ಲ. ಆದ್ದರಿಂದ ಹ್ಯಾಮ್‌ಗಳು ನೆಟ್ ಎಂಬ ಶಿಸ್ತನ್ನು ರೂಢಿಸಿಕೊಂಡಿದ್ದಾರೆ. ಒಬ್ಬರು ನೆಟ್ ಕಂಟ್ರೋಲ್. ಅವರು ಕರೆಯದೆ ಯಾರೂ ಬಾಯಿ ತೆರೆಯುವುದಿಲ್ಲ. ಪ್ರಾಣಕ್ಕೆ ಸಂಬಂಧಿಸಿದ ಸಂದೇಶ ಉಳಿದೆಲ್ಲವನ್ನೂ ತಡೆದು ಮುಂದೆ ಹೋಗುತ್ತದೆ.

2017ರಂಥ ರಾತ್ರಿ ಮತ್ತೆ ಬಂದಿದೆ, ನೆಟ್ ನಡೆಯುತ್ತಿದೆ ಎಂದು ಕಲ್ಪಿಸಿಕೊಳ್ಳಿ. ಹುದ್ದೆಗಳಿಗೆ ಜಾಗದ ಹೆಸರನ್ನೇ ಇಟ್ಟಿದ್ದಾರೆ, ಯಾರು ಪಾಳಿ ಬದಲಿಸಿದರೂ ಹೆಸರು ಬದಲಾಗದಂತೆ.

“ಕಂಟ್ರೋಲ್, ಕಂಟ್ರೋಲ್, ಕುರುಬರಹಳ್ಳಿ. ಎಮರ್ಜೆನ್ಸಿ ಟ್ರಾಫಿಕ್ ಇದೆ, ಓವರ್.”

“ಕುರುಬರಹಳ್ಳಿ, ಗೋ ಅಹೆಡ್. ಬಾಕಿ ಸ್ಟೇಷನ್‌ಗಳು ದಯವಿಟ್ಟು ಸ್ಟ್ಯಾಂಡ್ ಬೈ, ಓವರ್.”

“ಕಾಲುವೆ ಪಕ್ಕದ ಕ್ರಾಸು. ನೀರು ಸೊಂಟದವರೆಗೆ. ನಾನೇ ನೋಡ್ತಾ ಇದೀನಿ. ಮೊದಲನೇ ಮಹಡೀಲಿ ವಯಸ್ಸಾದವರು ಇಬ್ಬರು, ಒಬ್ಬರು ನಡೆಯೋಕಾಗಲ್ಲ. ಹಗ್ಗ, ದೋಣಿ ಬೇಕು. ಆಂಬ್ಯುಲೆನ್ಸ್ ಈ ರಸ್ತೇಲಿ ಬರೋಕಾಗಲ್ಲ, ಓವರ್.”

“ಕಾಪಿ. ಓದಿ ಹೇಳ್ತೀನಿ ಕೇಳಿ ಸರ್…”

ಈ ನಾಲ್ಕು ಸಾಲಿನಲ್ಲಿ ವರ್ಷಗಳ ಅಭ್ಯಾಸವಿದೆ. ‘ನಾನೇ ನೋಡ್ತಾ ಇದೀನಿ’ ಎಂಬುದನ್ನು ಗಮನಿಸಿ. ಕಣ್ಣಾರೆ ಕಂಡದ್ದು, ಯಾರೋ ಹೇಳಿದ್ದು ಎಂದು ಬೇರೆಮಾಡಿ ಹೇಳುವುದನ್ನು ಒಳ್ಳೆಯ ಆಪರೇಟರ್ ಎಂದೂ ಮರೆಯುವುದಿಲ್ಲ. ‘ಕೆರೆ ಒಡೀತಂತೆ’ ಎಂಬ ಒಂದು ವದಂತಿ ಎಲ್ಲರ ಕಿವಿಗೂ ಒಟ್ಟಿಗೆ ಬಿದ್ದರೆ ಆಗುವ ಅನಾಹುತ ನೀರಿನದಕ್ಕಿಂತ ದೊಡ್ಡದಾಗಬಹುದು. ಸಂದೇಶ ಪಡೆದವರು ಅದನ್ನು ತಿರುಗಿ ಓದುತ್ತಾರೆ, ಸಮಯದೊಂದಿಗೆ ಲಾಗ್ ಪುಸ್ತಕದಲ್ಲಿ ಬರೆಯುತ್ತಾರೆ. ನಮ್ಮ ವಿಳಾಸಗಳು ಈ ಕೆಲಸಕ್ಕೆ ಮಹಾ ಕಷ್ಟ. ಎರಡನೇ ಮೇನ್, ಐದನೇ ಕ್ರಾಸ್ ಇಲ್ಲದ ಬಡಾವಣೆ ಇಲ್ಲ. ಬ್ಲಾಕ್ ಬೇರೆ, ಸ್ಟೇಜ್ ಬೇರೆ. ರೇಡಿಯೊದಲ್ಲಿ ಸಾಗುವ ದನಿ 300ರಿಂದ 3000 ಹರ್ಟ್ಸ್‌ವರೆಗಿನದು ಮಾತ್ರ; ಸ, ಶ, ಫಗಳ ಉಸಿರು ಅದಕ್ಕೂ ಮೇಲಿದ್ದು ಕತ್ತರಿಸಿಹೋಗುತ್ತದೆ. ಎಪ್ಪತ್ತು, ಎಂಬತ್ತು, ತೊಂಬತ್ತು ಒಂದೇ ಥರ ಕೇಳುತ್ತವೆ. ಹಾಗಾಗಿ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳುತ್ತಾರೆ, ಹೆಸರನ್ನು ಆಲ್ಫಾ, ಬ್ರಾವೊ, ಚಾರ್ಲಿ ಎಂದು ಅಕ್ಷರ ಬಿಡಿಸುತ್ತಾರೆ, ಜೊತೆಗೆ ದೇವಸ್ಥಾನವೋ ಶಾಲೆಯೋ ಒಂದು ಗುರುತು ಸೇರಿಸುತ್ತಾರೆ.

ಈ ಅಭ್ಯಾಸವನ್ನು ವಿಪತ್ತಿನ ದಿನ ಕಲಿಯಲಾಗದು. ಹ್ಯಾಮ್‌ಗಳು ಮ್ಯಾರಥಾನ್‌ಗೆ, ಸೈಕಲ್ ಸ್ಪರ್ಧೆಗೆ, ಕಾಡುರಸ್ತೆಯ ಕಾರ್ ರ‍್ಯಾಲಿಗೆ ಸಂಪರ್ಕ ಒದಗಿಸಲು ಹೋಗುವುದನ್ನು ಕೆಲವರು ಮೋಜು ಎನ್ನುತ್ತಾರೆ. ಹೌದು, ಮೋಜಿದೆ. ಆದರೆ ಬಿಸಿಲಿನಲ್ಲಿ ಆರು ಗಂಟೆ ಒಂದು ತಿರುವಿನಲ್ಲಿ ನಿಂತು, ಪ್ರತಿ ಗಾಡಿಯ ನಂಬರು, ಸಮಯ ತಪ್ಪಿಲ್ಲದೆ ಹೇಳಿದವರು ನೀರು ಏರುತ್ತಿರುವಾಗಲೂ ಹಾಗೆಯೇ ಹೇಳುತ್ತಾರೆ. ದಿನಾ ಬೆಳಿಗ್ಗೆ ಗಾಳಿಗೆ ಬಂದು ‘ನಿಮ್ಮ ಸಿಗ್ನಲ್ ಫೈವ್ ನೈನ್, ಸೆವೆಂಟಿ ಥ್ರೀ’ (ಸ್ಪಷ್ಟವಾಗಿ, ಜೋರಾಗಿ ಕೇಳುತ್ತಿದೆ, ಶುಭಾಶಯ) ಎಂದು ಕುಶಲ ವಿಚಾರಿಸುವುದು ಕೂಡ ಬ್ಯಾಟರಿ, ಆಂಟೆನಾ, ಕಿವಿ ಮೂರನ್ನೂ ಪರೀಕ್ಷಿಸುವ ಕೆಲಸವೇ.

ಇದಕ್ಕೆ ನಮ್ಮ ದೇಶದಲ್ಲಿ ಸಿಕ್ಕಿರುವ ದೊಡ್ಡ ಸಾಕ್ಷಿ ಅಂಡಮಾನಿನದು. ಅಲ್ಲಿ ಬಹುಕಾಲ ಹ್ಯಾಮ್ ರೇಡಿಯೊಗೆ ಅನುಮತಿಯೇ ಇರಲಿಲ್ಲ. 2004ರ ಡಿಸೆಂಬರ್‌ನಲ್ಲಿ ಹ್ಯಾಮ್ ಆಪರೇಟರ್ ಭಾರತಿ ಪ್ರಸಾದ್ ಅನುಮತಿ ಪಡೆದು ತಂಡದೊಂದಿಗೆ ಪೋರ್ಟ್ ಬ್ಲೇರ್‌ಗೆ ಹೋಗಿ, ವಿಯು4ಆರ್‌ಬಿಐ ಎಂಬ ಕರೆ ಸಂಕೇತದಲ್ಲಿ ಪ್ರಪಂಚದ ಹ್ಯಾಮ್‌ಗಳೊಂದಿಗೆ ಮಾತಾಡುತ್ತಿದ್ದರು. ಅಪರೂಪದ ಜಾಗದಿಂದ ಎಷ್ಟು ಜನರನ್ನು ಮುಟ್ಟಬಹುದು ಎಂಬ ಹವ್ಯಾಸದ ಉಮೇದು ಅದು. ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ನಡುಗಿತು, ಸಮುದ್ರ ಉಕ್ಕಿತು, ದ್ವೀಪಗಳ ದೂರವಾಣಿ ಹೋಯಿತು. ಆಂಟೆನಾಗಳು ಮೊದಲೇ ಮೇಲಿದ್ದವು, ಆಪರೇಟರ್‌ಗಳು ಸೆಟ್ಟಿನ ಮುಂದೆಯೇ ಇದ್ದರು. ಹವ್ಯಾಸದ ನಿಲಯ ಅದೇ ದಿನ ತುರ್ತು ನಿಲಯವಾಯಿತು. ಆಮೇಲೆ ಕಾರ್ ನಿಕೋಬಾರ್‌ಗೂ ಹ್ಯಾಮ್‌ಗಳು ಹೋದರು. ಬದುಕಿದ್ದೇವೆ ಎಂಬ ಸುದ್ದಿ ಮುಖ್ಯಭೂಮಿಯ ಎಷ್ಟೋ ಮನೆಗಳಿಗೆ ಹೀಗೆ ತಲುಪಿತು.

ಕಾನೂನು ಇದಕ್ಕೆ ಜಾಗ ಮಾಡಿಕೊಟ್ಟಿದೆ. 1978ರ ಹವ್ಯಾಸಿ ಸೇವೆಯ ನಿಯಮಾವಳಿಯ ಪ್ರಕಾರ ಮಾಮೂಲಿ ದಿನಗಳಲ್ಲಿ ಹ್ಯಾಮ್ ಇನ್ನೊಬ್ಬರ ಪರವಾಗಿ ಸಂದೇಶ ಕಳಿಸುವಂತಿಲ್ಲ. ಭೂಕಂಪ, ಪ್ರವಾಹ, ಚಂಡಮಾರುತದಂಥ ವಿಪತ್ತಿನಲ್ಲಿ ಮಾಮೂಲಿ ಸಂಪರ್ಕ ಕೆಟ್ಟಾಗ ಜಿಲ್ಲಾಧಿಕಾರಿಯಂಥ ಅಧಿಕಾರಿಗಳ ಸಂದೇಶಗಳನ್ನು ಸಾಗಿಸಬಹುದು. ಅಂದರೆ ಆ ದಿನ ಹ್ಯಾಮ್ ಆಡಳಿತದ ಜೊತೆಗೆ ನಿಂತೇ ಕೆಲಸ ಮಾಡಬೇಕು. ಇಲ್ಲಿಯೇ ನಮ್ಮ ನಗರದ ಕೊರತೆ ಇರುವುದು. ನಿಯಂತ್ರಣ ಕೊಠಡಿಯಲ್ಲಿ ಕೂತ ಅಧಿಕಾರಿಗೆ ಹ್ಯಾಮ್ ಯಾರು, ಅವರಿಂದ ಏನು ಕೇಳಬಹುದು ಎಂಬುದು ಮೊದಲೇ ಗೊತ್ತಿರಬೇಕು. ಗೊತ್ತಾಗುವುದು ಒಟ್ಟಿಗೆ ಅಣಕು ಕಾರ್ಯಾಚರಣೆ ಮಾಡಿದಾಗ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಐದು ಪಾಲಿಕೆಗಳಾಗಿದೆ, ಪಶ್ಚಿಮಕ್ಕೆ ತನ್ನದೇ ನಗರ ಪಾಲಿಕೆ ಬಂದಿದೆ. ವೃಷಭಾವತಿಯ ಹಾದಿಗುಂಟ ಮಳೆಗಾಲಕ್ಕೆ ಮೊದಲು ಒಂದು ದಿನ ಫೋನುಗಳನ್ನು ಮುಟ್ಟದೆ, ರಾಜಾಜಿನಗರದಿಂದ ಕೆಂಗೇರಿಯ ತನಕ ಬರೀ ರೇಡಿಯೊದಲ್ಲಿ ಕೆಲಸ ಮಾಡಿ ನೋಡುವುದಕ್ಕೆ ದೊಡ್ಡ ಬಜೆಟ್ಟೇನೂ ಬೇಡ.

ಆನ್‌ಲೈನಿನಲ್ಲಿ ಅಗ್ಗದ ವಾಕಿಟಾಕಿ ತರಿಸಿ ಇಟ್ಟುಕೊಂಡರೆ ಸಾಕಲ್ಲ ಎಂದು ಕೇಳುವವರಿದ್ದಾರೆ. ಸಾಲದು. ಪರವಾನಗಿಯಿಲ್ಲದೆ ಹ್ಯಾಮ್ ಬ್ಯಾಂಡಿನಲ್ಲಿ ಅವನ್ನು ಬಳಸುವುದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ನೆಟ್ಟಿನ ಶಿಸ್ತು ತಿಳಿಯದ ಒಂದು ಬೆರಳು ಪಿಟಿಟಿಯ ಮೇಲಿದ್ದರೆ ಜೀವದ ಸಂದೇಶವೊಂದು ಅದರಡಿ ಸಿಕ್ಕಿ ನಾಶವಾಗಬಹುದು.

ಪರೀಕ್ಷೆ ಕಷ್ಟದ್ದಲ್ಲ. ಕೇಂದ್ರ ದೂರಸಂಪರ್ಕ ಇಲಾಖೆ ನಡೆಸುತ್ತದೆ. ಒಂದು ಭಾಗ ರೇಡಿಯೊ ವಿಜ್ಞಾನ, ಇನ್ನೊಂದು ನಿಯಮಗಳು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಿಲ್ಲ, ಜನರಲ್ ದರ್ಜೆಗೆ ನಿಮಿಷಕ್ಕೆ ಎಂಟು ಪದಗಳ ವೇಗದ ಮೋರ್ಸ್ ಬೇಕು. ಕನಿಷ್ಠ ವಯಸ್ಸು 12, ಗರಿಷ್ಠ ಮಿತಿ ಇಲ್ಲ. ನಿಮ್ಮ ಮನೆಯಲ್ಲಿ ಏಳನೇ ತರಗತಿಯ ಮಗುವಿದ್ದರೆ ಅದರ ಜೊತೆ ಕೂತು ನೀವೂ ಓದಿ, ಒಟ್ಟಿಗೆ ಬರೆಯಿರಿ. ಓದಲು ಬಿಡುವಿಲ್ಲದಿದ್ದರೂ ಒಂದು ಉಪಕಾರ ಮಾಡಬಹುದು: ನಿಮ್ಮ ಬೀದಿಯ ಹ್ಯಾಮ್ ಬಂದು ಮಹಡಿಯ ಮೇಲೆ ಒಂದು ಗಳ ನೆಡಲು ಜಾಗ ಕೇಳಿದರೆ, ಇಲ್ಲ ಎನ್ನಬೇಡಿ.